ಕಥೆ ಚೆನ್ನಾಗಿದೆ, ಆದ್ರೆ ನೀವು ಬದುಕಿದ್ದೀರಲ್ಲ!

ಮಾಯಾಮರದ್ದೋ ಮಾತಾಡುವ ಆನೆಯದ್ದೋ ಒಂದು ಕಥೆಯನ್ನು ಸ್ವಂತವಾಗಿ ಕಟ್ಟಿ ಕನ್ನಡದಲ್ಲಿ ಪುಸ್ತಕ ಮಾಡಿಸಬೇಕು ಅಂತಿದ್ದರೆ ಮೊದಲು ಒಂದು ಅರ್ಹತೆ ಬೇಕು. ನೀವು ಸತ್ತಿರಬೇಕು. ಸತ್ತು 60 ವರ್ಷ ಕಳೆದಿದ್ದರೆ ಇನ್ನೂ ಒಳ್ಳೆಯದು, ಆಗ ಕಾಪಿರೈಟೂ ಇರುವುದಿಲ್ಲ, ದುಡ್ಡು ಕೇಳೋರೂ ಇರುವುದಿಲ್ಲ.

ಕೊಡಗಿನ ಗೋಣಿಕೊಪ್ಪದ ಹತ್ತಿರ ನಮಗೆ ಪರಿಚಯದ ಟೀಚರಕ್ಕ ಒಬ್ಬರಿದ್ದಾರೆ. ಬದುಕಿದ್ದಾರೆ, ಅದೇ ತೊಂದರೆ. ಅವರ ಕಥೆಯಲ್ಲಿ ಏಳು ವರ್ಷದ ಹುಡುಗಿಯೊಬ್ಬಳು ಕಾಫಿ ಮೊಗ್ಗು ಅರಳಿಸುವ ಮಾರ್ಚ್ ತಿಂಗಳ ಹೂಮಳೆಯನ್ನು ಅಜ್ಜಿಯ ಎಲೆಅಡಿಕೆ ಡಬ್ಬಿಯಲ್ಲಿ ಬಚ್ಚಿಡುತ್ತಾಳೆ. ಕಾಫಿ ಗಿಡಗಳೆಲ್ಲ ಮೊಗ್ಗು ಬಿಗಿಹಿಡಿದು ಕಾಯುತ್ತಾ ನಿಲ್ಲುತ್ತವೆ, ಸಾಲ ಮಾಡಿದ ತೋಟದವರು ದೇವರಿಗೆ ಹರಕೆ ಹೊರುತ್ತಾರೆ, ಕೊನೆಗೆ ರಾತ್ರಿ ಸೋಲಾರ್ ಬೇಲಿ ಮುರಿದು ನುಗ್ಗಿದ ಆನೆಯೇ ಸೊಂಡಿಲಲ್ಲಿ ಡಬ್ಬಿಯ ಮುಚ್ಚಳ ತೆಗೆಯಬೇಕಾಗುತ್ತದೆ. ನಮ್ಮನೆ ಮಕ್ಕಳಿಗೆ ಓದಿ ಹೇಳಿದೆ. ಆನೆ ಬರುವಾಗ ತಟ್ಟೆಯಲ್ಲಿದ್ದ ಕಡುಬು ಆರಿಹೋಯಿತು, ಯಾರೂ ಮುಟ್ಟಲಿಲ್ಲ.

ಬೆಂಗಳೂರಿನ ಪ್ರಕಾಶಕರೊಬ್ಬರು ಫೋನ್ ಮಾಡಿದರು. "ಮೇಡಂ, ತುಂಬಾ ಚೆನ್ನಾಗಿದೆ. ಯಾರ ಹತ್ರ ಸಂಗ್ರಹಿಸಿದ್ದು?"

"ಯಾರ ಹತ್ರಾನೂ ಅಲ್ಲ ಸಾರ್, ನಾನೇ ಬರೆದದ್ದು."

"ಅಯ್ಯೋ, ಸ್ವಂತದ್ದಾ?"

ಪಕ್ಕದ ತೋಟದ ಕರಿಮೆಣಸು ಕದ್ದು ಸಿಕ್ಕಿಬಿದ್ದ ಹಾಗಾಯಿತು ಟೀಚರಕ್ಕನಿಗೆ. ಪ್ರಕಾಶಕರು ದೊಡ್ಡ ಮನಸ್ಸು ಮಾಡಿ ಪರಿಹಾರವನ್ನೂ ಹೇಳಿದರು: ಮುನ್ನುಡಿಯಲ್ಲಿ "ನಮ್ಮಜ್ಜಿ ಹೇಳಿದ್ದು" ಅಂತ ಹಾಕಿಬಿಡಿ. ಅಜ್ಜಿ ಹೇಳಿದರೆ ಜಾನಪದ, ಅದಕ್ಕೆ ವಿಚಾರ ಸಂಕಿರಣ ಉಂಟು, ಪಿಎಚ್‌ಡಿ ಉಂಟು. ಮೊಮ್ಮಗಳು ಹೇಳಿದರೆ ಸುಮ್ನೆ ಸುಳ್ಳು.

ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ತಂದದ್ದು ಜನಪದ ಕಥೆಗಳ ಸಂಗ್ರಹ, ಒಪ್ಪೋಣ. ಆದ್ರೆ ಡೆನ್ಮಾರ್ಕಿನ ಮಕ್ಕಳ ಕಥೆಗಾರ ಆಂಡರ್ಸನ್? 1835ರಲ್ಲಿ ಪುಟ್ಟ ಪುಸ್ತಕ ತಂದು ಶುರುಮಾಡಿದ ಆತ ಮುಂದೆ ಬರೆದದ್ದರಲ್ಲಿ ಬಹುಪಾಲು ಸ್ವಂತ ಕಲ್ಪನೆ, 1838ರಲ್ಲಿ ಅಲ್ಲಿನ ರಾಜ ವರ್ಷಾಶನವನ್ನೂ ಕೊಟ್ಟ. ನಮ್ಮವರು ಅವನನ್ನು ಬಣ್ಣಬಣ್ಣದಲ್ಲಿ ಅಚ್ಚು ಹಾಕುತ್ತಲೇ ಇದ್ದಾರೆ, ಯಾಕಂದ್ರೆ ಆತ 1875ರಲ್ಲೇ ತೀರಿಕೊಂಡು ಉಪಕಾರ ಮಾಡಿದ್ದಾನೆ. ಮಕ್ಕಳಿಗಾಗಿ ಬರೆದ ಪಂಜೆ ಮಂಗೇಶರಾಯರು ನಮ್ಮ ಮಡಿಕೇರಿಯಲ್ಲೇ ಮೇಷ್ಟ್ರಾಗಿದ್ದರು ಅಂತ ನವೆಂಬರ್ ಭಾಷಣಗಳಲ್ಲಿ ಎದೆಯುಬ್ಬಿಸಿ ಹೇಳುತ್ತೇವಲ್ಲ, ಅವರೇ ಈಗ ಹಸ್ತಪ್ರತಿ ಹಿಡಿದು ಬಂದರೂ ಮೊದಲ ಪ್ರಶ್ನೆ "ಯಾರ ಹತ್ರ ಸಂಗ್ರಹಿಸಿದ್ದು?" ಅಂತಲೇ ಇರುತ್ತಿತ್ತು.

ಎರಡನೇ ಪ್ರಕಾಶಕರಿಗೆ ಅಜ್ಜಿಯ ಚಿಂತೆ ಇಲ್ಲ, ಪುಟದ ಚಿಂತೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ದರ ಪುಟದ ಲೆಕ್ಕದಲ್ಲಿ. "24 ಪುಟ ಇಟ್ಕೊಂಡು ಏನ್ಮಾಡ್ಲಿ ಮೇಡಂ? 150 ಮಾಡಿ. ಆ ಹುಡುಗಿಗೆ ಮದುವೆ ಮಾಡಿಸಿ." ಏಳು ವರ್ಷ ಸಾರ್ ಅಂದರೆ, "ದೊಡ್ಡವಳಾಗಲಿ, ಪುಟ ಜಾಸ್ತಿ ಆಗುತ್ತಲ್ಲ!" ಮೂರನೆಯವರು ಸರಳ ಮನುಷ್ಯ. ದುಡ್ಡು ನೀವೇ ಕೊಡಿ, ಪುಸ್ತಕ ನೀವೇ ಮಾರಿ, ಹೆಸರು ಮಾತ್ರ ನಮ್ಮದು ಅಂದರು.

ಹಾಗಂತ ಕೊಡಗಿನಲ್ಲಿ ಹೊಸ ಕಟ್ಟುಕಥೆಗೆ ಮಾರುಕಟ್ಟೆ ಇಲ್ಲ ಅನ್ನಬೇಡಿ. ರಾಣಿ ಮಿಂದ ಕೊಳ, ರಾಜ ಕುದುರೆ ಕಟ್ಟಿದ ಮರ, ಪ್ರೇಮಿಗಳು ಕಲ್ಲಾದ ಬಂಡೆ, ಇವೆಲ್ಲ ಯಾವ ಹೋಂಸ್ಟೇ ಹಿತ್ತಲಲ್ಲಿ ಇಲ್ಲ ಹೇಳಿ? ಮೊನ್ನೆ ಮೊನ್ನೆ ಜೆಸಿಬಿ ತೋಡಿದ ಕೆರೆಗೂ ಮುನ್ನೂರು ವರ್ಷದ ಶಾಪ ಇದೆ. ಅಂಥ ಒಬ್ಬರು ಮಾಲೀಕರು ಟೀಚರಕ್ಕನ ಕಥೆ ಕೇಳಿ ಕೈಗೆ ನಗದು ಕೊಟ್ಟರು, ಅವತ್ತೇ ಸಂಜೆ ಆರಡಿ ಫ್ಲೆಕ್ಸ್ ನಿಲ್ಲಿಸಿದರು. ಚಿತ್ರ ಉಂಟು, ಬಣ್ಣ ಉಂಟು, ಬರೆದವರ ಹೆಸರು ಮಾತ್ರ ಇಲ್ಲ. ಹೆಸರು ಹಾಕಿದರೆ ಟೂರಿಸ್ಟರು ನಂಬಲ್ಲ ಅಂತೆ.

ಶನಿವಾರ ಭಾನುವಾರ ಅಲ್ಲಿ ಸೆಲ್ಫಿಗೆ ಕ್ಯೂ. ಕಳೆದ ವಾರ ಆ ಕ್ಯೂನಲ್ಲಿ ಮೊದಲ ಪ್ರಕಾಶಕರೂ ಇದ್ದರು, ಸಂಸಾರ ಸಮೇತ. ರಾತ್ರಿಯೇ ಟೀಚರಕ್ಕನಿಗೆ ಫೋನ್. "ಮೇಡಂ, ಇಲ್ಲೊಂದು ಅದ್ಭುತ ಜನಪದ ಕಥೆ ಸಿಕ್ಕಿದೆ, ಮಳೆ ಬಚ್ಚಿಟ್ಟ ಹುಡುಗಿದು. ನೀವು ಇದೇ ಊರಿನೋರಲ್ವಾ? ಹಳಬರನ್ನ ವಿಚಾರಿಸಿ ಪೂರ್ತಿ ಬರೆದುಕೊಡಿ. ಸಂಗ್ರಾಹಕಿ ಅಂತ ನಿಮ್ಮ ಹೆಸರು ಹಾಕ್ತೀವಿ, ಸಣ್ಣ ಅಕ್ಷರದಲ್ಲಿ."