ಎಳೆ ಬರುವ ಎಣ್ಣೆ

ದುಡ್ಡು ಕೊಟ್ಟು ತಂದ ಎಣ್ಣೆ ಎಲ್ಲಿಗೆ ಹೋಗುತ್ತದೆ ಅಂತ ಕೇಳಿದರೆ, ನೆಲಕ್ಕೆ. ಪೂರ್ತಿ ನೆಲಕ್ಕೆ. ಉಳಿದದ್ದೇನಾದರೂ ಇದ್ದರೆ ನಮ್ಮ ಪ್ಯಾಂಟಿಗೆ.

ಮರ ಕೊಯ್ಯುವ ಮೆಷಿನ್ ಮನೆಯಲ್ಲಿದ್ದವರಿಗೆ ಈ ಸಂಕಟ ಹೊಸದಲ್ಲ. ಬೈಕಿಗೆ ಹಾಕಿದ ಎಂಜಿನ್ ಆಯಿಲ್ ಸಾವಿರಾರು ಕಿಲೋಮೀಟರ್ ಒಳಗೇ ಸುತ್ತುತ್ತಾ ಇರುತ್ತದೆ, ಕೊಟ್ಟ ದುಡ್ಡಿಗೆ ದುಡಿಯುತ್ತದೆ. ಚೈನ್ ಸಾ ಹಾಗಲ್ಲ. ಒಳಗಿನ ಸಣ್ಣ ಪಂಪ್ ಎಣ್ಣೆಯನ್ನು ಬಾರಿನ, ಅಂದರೆ ಚೈನ್ ಸುತ್ತ ಓಡುವ ಉದ್ದ ಪಟ್ಟಿಯ, ತೂತಿಗೆ ತಳ್ಳುತ್ತದೆ, ಚೈನ್ ಅದನ್ನು ಬಾರಿನ ಸಂದಿನಲ್ಲಿ ತುದಿಯವರೆಗೆ ಎಳೆದುಕೊಂಡು ಹೋಗುತ್ತದೆ, ಅಲ್ಲಿ ತಿರುಗುವಾಗ ಬಿಸಾಡುತ್ತದೆ. ವಾಪಸ್ ಬರುವ ದಾರಿಯೇ ಇಲ್ಲ. ಒಂದು ಟ್ಯಾಂಕ್ ಪೆಟ್ರೋಲ್ ಮುಗಿಯುವ ಹೊತ್ತಿಗೆ ಎಣ್ಣೆಯ ಟ್ಯಾಂಕೂ ಹೆಚ್ಚುಕಮ್ಮಿ ಖಾಲಿ.

ಈಗ ಮೇ ತಿಂಗಳು. ಉಡುಪಿ ಕಡೆ ಮೇ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಮಳೆ ಹಿಡಿಯುವ ಮೊದಲು ಬಚ್ಚಲ ಒಲೆಗೆ ಸೌದೆ ಆಗಬೇಕು, ಕರೆಂಟ್ ತಂತಿಯ ಮೇಲೆ ಬಗ್ಗಿದ ಗೆಲ್ಲು ತೆಗೆಯಬೇಕು, ಹಂಚಿನ ಮೇಲೆ ಕಣ್ಣಿಟ್ಟಿರುವ ಹಲಸಿನ ಮರಕ್ಕೆ ಒಂದು ಗತಿ ಕಾಣಿಸಬೇಕು. ಪ್ರತಿ ಹಿತ್ತಿಲಿನಿಂದಲೂ ರ್‍ರ್‍ರ್‍ ಅಂತ ಕೇಳುತ್ತಿರುತ್ತದೆ. ಇಷ್ಟು ಜನ ಕೊಯ್ಯುತ್ತಾರೆ ಅಂದಮೇಲೆ ಅದರ ಎಣ್ಣೆ ಪೇಟೆಯಲ್ಲಿ ಸುಲಭವಾಗಿ ಸಿಗಬೇಕು, ಅಲ್ವಾ?

ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದೆ. "ಚೈನ್ ಆಯಿಲ್ ಉಂಟಾ?"

"ಬೈಕಿಂದಾ?"

"ಅಲ್ಲ ಮಾರಾಯ್ರೇ, ಮರ ಕೊಯ್ಯುವ ಮೆಷಿನಿಂದು."

ಅವರು ಖುಷಿಯಿಂದ 2ಟಿ ಆಯಿಲ್ ಪ್ಯಾಕೆಟ್ ತೆಗೆದು ಕೌಂಟರ್ ಮೇಲಿಟ್ಟರು. ಇದು ಪೆಟ್ರೋಲಿಗೆ ಬೆರೆಸುವುದು, ಲೀಟರಿಗೆ 20 ಎಂ.ಎಲ್., ಸಿಲಿಂಡರಿನಲ್ಲಿ ಉರಿದು ಹೋಗುವುದು, ನನಗೆ ಬೇಕಾದದ್ದು ಹೊರಗೆ ಚೈನಿಗೆ ಬೀಳುವುದು ಅಂತ ವಿವರಿಸಿದೆ. ಅವರು ಪೂರ್ತಿ ಕೇಳಿ, "ಎರಡೂ ಅದೇ ಮೆಷಿನಿಗೇ ಅಲ್ವಾ ಹಾಕುವುದು?" ಅಂದರು. ಇದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ. ಆಮೇಲೆ 20ಡಬ್ಲ್ಯೂ-40 ಎಂಜಿನ್ ಆಯಿಲ್ ಡಬ್ಬಿ ಬಂತು. "ಎಲ್ಲರೂ ಇದನ್ನೇ ಕೊಂಡೋಗುವುದು." ಪಕ್ಕದಲ್ಲಿ ಬಾಗಿಲಿನ ಬಿಜಾಗರಿ ಆರಿಸುತ್ತಿದ್ದವರೊಬ್ಬರು, ನನ್ನ ಪರಿಚಯವೇ ಇಲ್ಲದವರು, "ಸುಮ್ನೆ ಎಂತಕ್ಕೆ ಖರ್ಚು? ಗ್ಯಾರೇಜಿನಲ್ಲಿ ಕರಿ ಆಯಿಲ್ ಫ್ರೀ ಕೊಡ್ತಾರೆ" ಅಂದರು.

ಈ ಕರಿ ಆಯಿಲ್ ಸಲಹೆ ಕೊಡದ ಮನುಷ್ಯ ನಮ್ಮ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಎಂಜಿನ್ನಿನಿಂದ ತೆಗೆದ ಹಳೇ ಆಯಿಲ್ ಅದು, ಬೇಲಿ ಗೂಟಕ್ಕೆ, ಪಕ್ಕಾಸಿಗೆ ಒರಲೆ ಹಿಡಿಯದ ಹಾಗೆ ಹಚ್ಚುವ ವಸ್ತು. ಎಂಜಿನ್ ಸವೆದ ಲೋಹದ ಪುಡಿ, ಮಸಿ ಎಲ್ಲ ಅದರಲ್ಲಿರುತ್ತದೆ. ಬಾರ್ ಸವೆಯದಿರಲಿ ಅಂತ ಹಾಕುವ ಎಣ್ಣೆಯಲ್ಲಿ ಸವೆಸುವ ಪುಡಿಯೇ ಇದ್ದರೆ ಹೇಗೆ? ಹಾಕಬೇಡಿ ಅಂತ ಮೆಷಿನಿನ ಪುಸ್ತಕದಲ್ಲೇ ಬರೆದಿರುತ್ತದೆ. ಚರ್ಮಕ್ಕೂ ಒಳ್ಳೆಯದಲ್ಲ, ಬಳಸಿದ ಎಣ್ಣೆಯಲ್ಲಿ ಕ್ಯಾನ್ಸರ್ ತರುವಂಥ ಅಂಶಗಳಿರುತ್ತವೆ. ಅದನ್ನೇ ಬಾವಿಕಟ್ಟೆಯ ಪಕ್ಕದ ಮರಕ್ಕೆ, ನಮ್ಮ ಮೈಗೆ ಸಿಂಪಡಿಸಿಕೊಳ್ಳುವುದಾ? ಹೊಸ ಎಂಜಿನ್ ಆಯಿಲ್ ಆದರೆ ತುರ್ತಿಗೆ ಆದೀತು. ಆದರೆ ಅದಕ್ಕೆ ಅಂಟು ಇಲ್ಲ. ಚೈನ್ ಓಡುವುದು ಸೆಕೆಂಡಿಗೆ 20 ಮೀಟರ್ ಆಸುಪಾಸು. ಅಂಟು ಇಲ್ಲದ್ದು ತುದಿ ಮುಟ್ಟುವ ಮೊದಲೇ ಹಾರಿ ಹೋಗುತ್ತದೆ. ಅದಕ್ಕೇ ಅಸಲಿ ಚೈನ್ ಆಯಿಲಿನಲ್ಲಿ ಅಂಟು ಬರಿಸುವ ವಸ್ತು ಬೆರೆಸಿರುತ್ತಾರೆ. ಬೆಲೆಯೂ ಅದಕ್ಕೇ ಜಾಸ್ತಿ.

ಕೊನೆಗೆ ಮಂಗಳೂರಿನಿಂದ ಒಂದು ಕ್ಯಾನ್ ತರಿಸಿದೆ. ತರಿಸಿದ ಸುದ್ದಿ ಭಾವನಿಗೆ ಮುಟ್ಟಿತು.

ಭಾವ ಅಂದರೆ ನನ್ನ ದೊಡ್ಡಕ್ಕನ ಗಂಡ. ಒಳ್ಳೆಯವರು. ಯಾವ ಎಣ್ಣೆ ಕಂಡರೂ ಬೆರಳು ಅದ್ದುವ ಒಂದು ಚಾಳಿ ಬಿಟ್ಟರೆ ಬೇರೆ ದೋಷ ಇಲ್ಲ. ಮದುವೆ ಮನೆಯ ಬಾಣಲೆಯ ಪಕ್ಕದಲ್ಲಿಟ್ಟ ಡಬ್ಬಿ ಇರಲಿ, ದೇವಸ್ಥಾನದ ದೀಪದ ಎಣ್ಣೆ ಇರಲಿ, ಪಂಪ್ ಸೆಟ್ಟಿನ ಗ್ರೀಸ್ ಇರಲಿ, ಮೊದಲು ತೋರುಬೆರಳು ಒಳಗೆ ಹೋಗುತ್ತದೆ. ಆಮೇಲೆ ಹೆಬ್ಬೆರಳು ಸೇರಿಸಿ ಉಜ್ಜುತ್ತಾರೆ. ಮೂಸುತ್ತಾರೆ. ಕಣ್ಣು ಮುಚ್ಚಿ ಒಂದು ಗಳಿಗೆ ಸುಮ್ಮನಿರುತ್ತಾರೆ. ನಾವೂ ಸುಮ್ಮನಿರಬೇಕು. ತೀರ್ಪು ಬರುವುದು ಆಮೇಲೆ, ಮತ್ತು ತೀರ್ಪು ಕೊಡುತ್ತಾ ಕೈ ಹತ್ತಿರದ ಯಾವುದಕ್ಕೋ ಒರೆಸಿಕೊಳ್ಳುತ್ತಾರೆ. ಕಂಬಕ್ಕೆ, ತುಳಸಿಕಟ್ಟೆಗೆ, ಆ ದಿನದ ಪೇಪರಿಗೆ. ನಮ್ಮ ಬಿಳಿ ನಾಯಿಯ ಬೆನ್ನಿನ ಮೇಲೆ ಒಂದು ಕಂದು ಗುರುತು ಎಷ್ಟೋ ಸಮಯದಿಂದ ಇದೆ, ಅದು ಹುಟ್ಟಿನಿಂದ ಬಂದದ್ದಲ್ಲ. ಭಾವ ಬಂದರೆ ಈಗ ಅದು ಸೌದೆ ಕೊಟ್ಟಿಗೆಯ ಹಿಂದೆ ಹೋಗಿ ಮಲಗುತ್ತದೆ.

ನನ್ನ ಹೊಸ ಕ್ಯಾನಿಗೂ ಬೆರಳು ಹೋಯಿತು. ಉಜ್ಜಿದರು. ಬೆರಳು ಅಗಲಿಸಿದರು. ಮಧ್ಯೆ ಒಂದು ತೆಳು ಎಳೆ ಬಂತು.

"ಓ! ಒಂದೆಳೆ ಪಾಕ!" ಅಂದರು. ಮುಖ ಅರಳಿತು. ನನಗೂ ಒಳಗೊಳಗೇ ಸಂತೋಷ, ಯಾಕೆಂದರೆ ಒಳ್ಳೆಯ ಚೈನ್ ಆಯಿಲಿಗೆ ನಿಜವಾಗಿಯೂ ಹೀಗೆ ಎಳೆ ಬರಬೇಕು. ಆಮೇಲೆ ರೇಟ್ ಕೇಳಿದರು. ಹೇಳಿದೆ. ಪಾಕ ಅಲ್ಲಿಗೆ ಕೆಟ್ಟಿತು.

"ಎಂತ ಮಾರಾಯ ನೀನು! ಹಲಸಿನ ಮೇಣಕ್ಕೇ ತೆಂಗಿನೆಣ್ಣೆ ಸಾಕಾಗ್ತದೆ, ಚೈನಿಗೆ ಸಾಕಾಗುವುದಿಲ್ವಾ?"

ಈ ವಾದಕ್ಕೆ ಎದುರು ಹೇಳುವುದು ಸುಲಭವಲ್ಲ. ಗಿಡದ ಎಣ್ಣೆ ಹಾಕುವ ಯೋಚನೆಯೂ ತಪ್ಪಲ್ಲ. ಯುರೋಪಿನಲ್ಲಿ ಸಾಸಿವೆ ಜಾತಿಯ ರೇಪ್‌ಸೀಡ್ ಎಣ್ಣೆಯಿಂದ ಮಾಡಿದ ಚೈನ್ ಆಯಿಲ್ ಬಳಸುತ್ತಾರೆ, ಕಾಡಿನ ಮಣ್ಣಿನಲ್ಲಿ ಬೇಗ ಕರಗುತ್ತದೆ ಅಂತ. ಆದರೆ ಅಡುಗೆ ಎಣ್ಣೆ ಸೀದಾ ಹಾಕಿ ಮೆಷಿನನ್ನು ಮಳೆಗಾಲಕ್ಕೆ ಅಟ್ಟ ಹತ್ತಿಸಿದರೆ, ಕೆಳಗಿಳಿಸುವಾಗ ಎಣ್ಣೆ ಜಿಗುಟಾಗಿ ಚೈನ್ ಬಾರಿಗೆ ಅಂಟಿ ಕೂತಿರುತ್ತದೆ. ತೆಂಗಿನೆಣ್ಣೆ 24 ಡಿಗ್ರಿಗೆಲ್ಲ ಗಟ್ಟಿಯಾಗುತ್ತದೆ, ಧನುರ್ಮಾಸದ ಬೆಳಿಗ್ಗೆ ಪಂಪ್ ಅದನ್ನು ಹೇಗೆ ಎಳೆಯುತ್ತದೆ? ಸೆಖೆಗೋ, ಅದು ತೀರಾ ತೆಳು. ನಮ್ಮ ಹವೆಗೆ, ಎಣ್ಣೆಯ ದಪ್ಪ ಹೇಳುವ ಎಸ್‌ಎಇ ಲೆಕ್ಕದಲ್ಲಿ, 30ರಷ್ಟಾದರೂ ದಪ್ಪ ಬೇಕು. ಇದನ್ನೆಲ್ಲ ಹೇಳಿದೆ. "ಈಗಿನ ರೇಟಿಗೆ ತೆಂಗಿನೆಣ್ಣೆ ತಲೆಗೆ ಹಾಕಲಿಕ್ಕೇ ಇಲ್ಲ ಭಾವ" ಅಂದದ್ದು ಮಾತ್ರ ಅವರಿಗೆ ನಾಟಿತು.

"ಸರಿ, ಈ ದುಬಾರಿ ಎಣ್ಣೆ ಬರ್ತದಾ ನೋಡುವ" ಅಂದರು. ನೋಡುವ ಕ್ರಮ ಸುಲಭ. ಬಿಳಿಯದ್ದು ಏನಾದರೂ ಹಾಸಿ, ಬಾರಿನ ತುದಿಯನ್ನು ಅದರ ಕಡೆಗೆ, ತಾಗದಷ್ಟು ದೂರದಲ್ಲಿ ಹಿಡಿದು, ಒಂದು ಸಲ ರೇಸ್ ಕೊಡಬೇಕು. ಎಣ್ಣೆಯ ಗೆರೆ ಬಿದ್ದರೆ ಪಂಪ್ ಸರಿ ಉಂಟು. ನಾನು ರಟ್ಟು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಭಾವ ಹೆಗಲಿನ ಬಿಳಿ ಬೈರಾಸನ್ನು ಮುರಕಲ್ಲಿನ ಮೇಲೆ ಹಾಸಿ ಆಗಿತ್ತು. ಬೇಡ ಅಂದರೆ ಕೇಳುವವರಲ್ಲ. ರೇಸ್ ಕೊಟ್ಟೆ. ಉದ್ದಕ್ಕೆ, ಸ್ಕೇಲ್ ಇಟ್ಟು ಎಳೆದಷ್ಟು ನೇರ ಗೆರೆ ಬಿತ್ತು. ಬಗ್ಗಿ ಬೆರಳಾಡಿಸಿ, ಉಜ್ಜಿ, ಮೂಸಿ, "ಬರ್ತದೆ" ಅಂದರು. ಬೈರಾಸನ್ನು ಕೊಡವಿ ಮತ್ತೆ ಹೆಗಲಿಗೇ ಹಾಕಿಕೊಂಡು, ಬ್ರಹ್ಮಾವರದಲ್ಲಿ ಒಂದು ಗೃಹಪ್ರವೇಶದ ಊಟ ಇತ್ತು, ಅದಕ್ಕೆ ಸೀದಾ ಹೋದರು.

ಎಣ್ಣೆ ತನ್ನ ಗುಣ ಬಿಡಲಿಲ್ಲ. ಎಡ ಹೆಗಲಿನಿಂದ ಬಲ ಸೊಂಟದವರೆಗೆ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮೇಲೆ ಇಳಿದು ಕೂತಿತು. ಪಂಕ್ತಿಯಲ್ಲಿ ಯಾರೋ, "ಎಂತ ಭಟ್ರೇ, ಜನಿವಾರ ಈಗ ಅಂಗಿಯ ಮೇಲಾ?" ಅಂತ ಕೇಳಿದರಂತೆ. ಸಾಬೂನು, ಬಿಸಿನೀರು, ಸೀಗೆ, ಯಾವುದಕ್ಕೂ ಹೋಗಲಿಲ್ಲವಂತೆ. ಸಂಜೆ ಅಕ್ಕನ ಫೋನ್ ಬಂತು. ಬೈಗುಳ ತಿಂದದ್ದು ನಾನು. ಎಣ್ಣೆಯೂ ನನ್ನದೇ, ಮೆಷಿನೂ ನನ್ನದೇ ಅಲ್ವಾ.

ನಾನು ಸಣ್ಣವನಿರುವಾಗ ಮರ ಕೊಯ್ಯಲು ಇಬ್ಬರು ಬರುತ್ತಿದ್ದರು, ಉದ್ದದ ಗರಗಸ ಹೆಗಲ ಮೇಲೆ ಹೊತ್ತುಕೊಂಡು. ಜೊತೆಗೆ ಒಂದು ಬಾಟಲಿ ಚಿಮಿಣಿ ಎಣ್ಣೆ, ಅದಕ್ಕೆ ತೆಂಗಿನ ನಾರಿನ ಬಿರಡೆ. ಗರಗಸ ಹಿಡಿದುಕೊಂಡಾಗ ಎರಡು ಹನಿ ಬಿಡುವುದು, ಮತ್ತೆ ಎಳೆಯುವುದು. ಕೊಯ್ಯುತ್ತಲೇ ಊರಿನ ಸುದ್ದಿ ಎಲ್ಲ ಹೇಳುತ್ತಿದ್ದರು, ಅಜ್ಜಿ ನೀರು ಬೆಲ್ಲ ಇಟ್ಟು ಜಗಲಿಯಲ್ಲಿ ಕೂತು ಕೇಳುತ್ತಿದ್ದರು. ಹೊಟ್ಟು ಒಳ್ಳೆಯ ಮರದ ವಾಸನೆ ಬರುತ್ತಿತ್ತು. ಈಗಿನ ಹೊಟ್ಟಿಗೆ ಎಣ್ಣೆಯ ವಾಸನೆ, ಮತ್ತು ಮೆಷಿನ್ ಶಬ್ದಕ್ಕೆ ಪಕ್ಕದವರು ಕರೆದರೂ ಕೇಳುವುದಿಲ್ಲ.

ಇದೆಲ್ಲ ಹೋಗಲಿ ಅಂದರೆ, ಕೆಲಸ ಮುಗಿಸಿ ಇಟ್ಟ ಮೇಲೂ ಈ ಮೆಷಿನ್ ಸುಮ್ಮನಿರುವುದಿಲ್ಲ. ಚಾವಡಿಯ ರೆಡ್ ಆಕ್ಸೈಡ್ ನೆಲದ ಮೇಲೆ ರಾತ್ರಿಯಿಡೀ ತೊಟ್ಟಿಕ್ಕಿರುತ್ತದೆ. ಹೆಂಡತಿ ಬೆಳಿಗ್ಗೆ ಜಾರಿದ ಮೇಲೆ ಅದರ ಜಾಗ ಕೊಟ್ಟಿಗೆಗೆ ಬದಲಾಗಿದೆ, ಅಡಿಗೆ ಹಳೇ ರಟ್ಟು. ಕ್ಯಾನನ್ನು ಎಲ್ಲಿಟ್ಟಿದ್ದೇನೆ ಅಂತ ಇಲ್ಲಿ ಬರೆಯುವುದಿಲ್ಲ. ಭಾವ ಇದನ್ನೆಲ್ಲ ಓದುವವರಲ್ಲ, ಆದರೆ ಅಕ್ಕ ಓದುತ್ತಾಳೆ. ಹಲಸಿನ ಗೆಲ್ಲು ಇನ್ನೂ ಹಂಚಿನ ಮೇಲೇ ಇದೆ ಅಕ್ಕಾ, ಭಾನುವಾರ ಕೊಯ್ಯುವುದು. ಭಾವನನ್ನು ಕಳಿಸುವುದಾದರೆ ಕಪ್ಪು ಅಂಗಿ ಹಾಕಿ ಕಳಿಸು.