ಸತ್ಯಾಂಶ: ಬಿಲ್ಡರ್ ಹಿಡಿದ ಶೇ 20 ಅಂತಿಮ ತೆರಿಗೆಯಲ್ಲ

ಬ್ರಿಟನ್‌ನಲ್ಲಿ ಬಿಲ್ಡರ್‌ಗಳಿಗೆ, ಕಟ್ಟಡದ ಕೆಲಸ ನಡೆಯುವಾಗ ಒಳಗಡೆಯಿಂದ ಕಿಟಕಿ ಒರೆಸಿಕೊಡುವ ಸ್ವಂತ ದುಡಿಮೆಯವರಿಗೆ ಒಂದು ಫಾರ್ವರ್ಡ್ ಬರುತ್ತಿದೆ: ‘ಶೇ 20 ಕಡಿತವಾದರೆ ತೆರಿಗೆ ಮುಗಿಯಿತು, ರಿಟರ್ನ್ ಬೇಡ.’ ಇದು ತಪ್ಪು.

ಸಿಐಎಸ್ (ನಿರ್ಮಾಣ ಕೆಲಸದ ಬಿಲ್‌ನಿಂದಲೇ ತೆರಿಗೆ ಹಿಡಿಯುವ ಯೋಜನೆ) ನಿಯಮದ ಆ ಕಡಿತ ತೆರಿಗೆ ಮತ್ತು ನ್ಯಾಷನಲ್ ಇನ್ಶೂರೆನ್ಸ್‌ಗೆ (ಸಾಮಾಜಿಕ ಭದ್ರತೆಯ ವಂತಿಗೆ) ಕೊಟ್ಟ ಮುಂಗಡ, ಅಷ್ಟೇ. ಸಿಐಎಸ್‌ನಲ್ಲಿ ನೋಂದಣಿ ಇಲ್ಲದಿದ್ದರೆ ಶೇ 30 ಹೋಗುತ್ತದೆ. 1,000 ಪೌಂಡ್ ಬಿಲ್‌ನಲ್ಲಿ ಸಾಮಗ್ರಿಗೇ 100 ಆಗಿದ್ದರೆ ಶೇ 20 ಕಡಿತ ಉಳಿದ 900ಕ್ಕೆ ಮಾತ್ರ, ಅಂದರೆ 180 ಪೌಂಡ್. ಹಾಗಾಗಿ ಸಾಮಗ್ರಿಯ ಖರ್ಚನ್ನು ಬಿಲ್‌ನಲ್ಲಿ ಬೇರೆಯಾಗಿಯೇ ಬರೆಯಿರಿ.

ಸೆಲ್ಫ್ ಅಸೆಸ್‌ಮೆಂಟ್ (ವರ್ಷದ ಆದಾಯವನ್ನು ತಾವೇ ತಿಳಿಸುವ) ರಿಟರ್ನ್‌ನಲ್ಲಿ ಏಣಿ, ವ್ಯಾನ್ ಖರ್ಚೆಲ್ಲ ಕಳೆದ ಮೇಲೆ, ಹೆಚ್ಚು ಹಿಡಿದಿದ್ದರೆ ವಾಪಸ್ ಸಿಗುತ್ತದೆ; ಕಡಿಮೆಯಾಗಿದ್ದರೆ ಕಟ್ಟಬೇಕು. ಬಿಲ್ಡರ್ ಕೊಡುವ ಕಡಿತದ ಚೀಟಿಯೇ ಅದಕ್ಕೆ ಆಧಾರ, ಎಸೆಯಬೇಡಿ.

ಅಂದಹಾಗೆ, ಮನೆಯವರೇ ಕರೆಸಿ ತಮ್ಮ ಕಿಟಕಿ ಒರೆಸಿಸಿದರೆ ಈ ಕಡಿತವೇ ಇಲ್ಲ.