ಒಂದು ಸ್ಟೆಮ್ ಸೆಲ್ ಇಂಜೆಕ್ಷನ್‌ನಿಂದ ಎಲ್ಲ ಕಾಯಿಲೆ ವಾಸಿಯಾಗುತ್ತದೆಯೇ?

ಸಕ್ಕರೆ ಕಾಯಿಲೆ, ಪಾರ್ಶ್ವವಾಯು, ಮಕ್ಕಳ ಮೆದುಳಿನ ತೊಂದರೆ ಎಲ್ಲಕ್ಕೂ ಒಂದೇ ಸ್ಟೆಮ್ ಸೆಲ್ ಇಂಜೆಕ್ಷನ್ ಸಾಕು ಎನ್ನುವ ಮೆಸೇಜು ಕಾಸರಗೋಡಿನ ನಮ್ಮ ಗ್ರೂಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇದು ನಿಜವಲ್ಲ. ಕಳಿಸಿದವರನ್ನು ದೂರುವಂತಿಲ್ಲ. ಎಂಡೋಸಲ್ಫಾನ್ ಎಂಬ ಕೀಟನಾಶಕದ ಹಾವಳಿ ಕಂಡ ಊರು ಇದು. ಮಲಗಿದಲ್ಲೇ ಇರುವ ಮಗುವಿನ ತಾಯಿಗೆ ಇಂಥ ಮಾತು ಎಷ್ಟು ಆಸೆ ಹುಟ್ಟಿಸುತ್ತದೆ, ಅಲ್ವಾ?

ಸ್ಟೆಮ್ ಸೆಲ್ ಎಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ. ರಕ್ತದ ಕ್ಯಾನ್ಸರ್, ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ತಲಸ್ಸೇಮಿಯಾಗಳಿಗೆ ಮಾಡುವ ಅಸ್ಥಿಮಜ್ಜೆ (ಮೂಳೆಯೊಳಗಿನ ಮಜ್ಜೆ) ಕಸಿ ಇದರದೇ ಕೆಲಸ. ವೀಳ್ಯದ ಸುಣ್ಣ ಸಿಡಿದು ಒಂದು ಕಣ್ಣಿನ ಕರಿಗುಡ್ಡೆಯ ಅಂಚು ಸುಟ್ಟರೆ, ಇನ್ನೊಂದು ಕಣ್ಣಿನ ಅಂಚಿನಿಂದ ಚಿಕ್ಕ ಚೂರು ತೆಗೆದು ಅಲ್ಲಿ ಕೂರಿಸುತ್ತಾರೆ. ಆ ಕೋಶಗಳು ಹಬ್ಬಿ ಮೇಲ್ಪದರ ಮತ್ತೆ ಬೆಳೆಯುತ್ತದೆ. ಒಂದೊಂದು ಜಾಗಕ್ಕೆ ಒಂದೊಂದು ಬಗೆಯ ಕೋಶ ಬೇಕು. ಸುಮ್ನೆ ರಕ್ತನಾಳಕ್ಕೆ ಚುಚ್ಚಿದರೆ ಮೆದುಳು ರಿಪೇರಿಯಾಗುವುದಿಲ್ಲ. ಸೋಂಕು, ಗಡ್ಡೆಯ ಅಪಾಯವೂ ಇದೆ.

2006ರಲ್ಲಿ ಇಲಿಯ ಚರ್ಮದ ಕೋಶವನ್ನೇ ಮೂಲಕೋಶವಾಗಿಸಿದ ಮೇಲೆ ಭರವಸೆ ಜಾಸ್ತಿಯಾಗಿದೆ. ಸಕ್ಕರೆ ಕಾಯಿಲೆ, ಕೈಕಾಲು ನಡುಗುವ ಪಾರ್ಕಿನ್ಸನ್ಸ್‌ಗೆ ಪ್ರಯೋಗಗಳು ನಡೆಯುತ್ತಿವೆ.

ಹೀಗೆ ಇನ್ನೂ ಪ್ರಯೋಗದಲ್ಲಿರುವ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಯಾರಾದರೂ ಕೊಡುತ್ತೇವೆ ಎಂದರೆ ಪ್ರಯೋಗದ ನೋಂದಣಿ ಸಂಖ್ಯೆ ಕೇಳಿ. ಸರಕಾರಿ ಜಾಲತಾಣದಲ್ಲಿ ಅದನ್ನು ಯಾರು ಬೇಕಾದರೂ ಹುಡುಕಬಹುದು. ನಿಜವಾದ ಪ್ರಯೋಗದಲ್ಲಿ ಆ ಇಂಜೆಕ್ಷನ್‌ಗೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಲಕ್ಷಗಟ್ಟಲೆ ಕೇಳಿದರೆ, ಕಂಗಿನ ತೋಟ ಅಡವಿಡುವ ಮೊದಲು ಅವರು ಕೊಟ್ಟ ಕಾಗದವನ್ನು ಮೆಡಿಕಲ್ ಕಾಲೇಜಿನ ತಜ್ಞರೊಬ್ಬರಿಗೆ ತೋರಿಸಿ.